ಟ್ಯಾಂಕಿನ ಮೀನಿಗೆ ಹುಷಾರಿಲ್ಲದಾಗ: ಉಪ್ಪು, ಬಿಸಿ, ಬಾದಾಮಿ ಎಲೆ ಮತ್ತು ಒಂದಿಷ್ಟು ತಾಳ್ಮೆ

ಮೀನು ಮಂಕಾಯಿತು, ಮೂಲೆ ಹಿಡಿದಿದೆ, ತಿಂಡಿ ಮುಟ್ಟುತ್ತಿಲ್ಲ. ತಕ್ಷಣ ಹೆಚ್ಚಿನವರು ಮಾಡುವುದು ಏನು? ಅಂಗಡಿಗೆ ಓಡಿ ನೀಲಿ ನೀರಿನ ಬಾಟಲಿಯೋ ಹಳದಿ ಪುಡಿಯೋ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಇಲ್ಲಾಂದರೆ ಮೊಬೈಲಿನಲ್ಲಿ ಹುಡುಕಿ, ಯಾರೋ ಹೇಳಿದರು ಅಂತ ಅರಿಶಿನ, ಬೇವು, ಬೆಳ್ಳುಳ್ಳಿ ಎಲ್ಲ ಒಂದಾದ ಮೇಲೊಂದು ಹಾಕುತ್ತಾರೆ. ರೋಗ ಯಾವುದು ಅಂತ ನೋಡುವುದಕ್ಕೂ ಮೊದಲೇ ಮದ್ದು ಬಿದ್ದಿರುತ್ತದೆ. ಆಮೇಲೆ ಮೀನು ಸತ್ತರೆ ಅದು ರೋಗದಿಂದಲೋ ಮದ್ದಿನಿಂದಲೋ ಗೊತ್ತೇ ಆಗುವುದಿಲ್ಲ.

ಮನೆಮದ್ದು ಕೆಲಸ ಮಾಡುತ್ತದೆ. ಆದರೆ ಎಲ್ಲ ಮನೆಮದ್ದೂ ಅಲ್ಲ, ಎಲ್ಲ ರೋಗಕ್ಕೂ ಅಲ್ಲ. ನಾನು ನಂಬುವುದು ಕೆಲವನ್ನೇ: ಒಳ್ಳೆ ನೀರು, ಉಪ್ಪು, ಬಿಸಿ, ಬಾದಾಮಿ ಎಲೆ, ಹೊಟ್ಟೆ ಕೆಟ್ಟರೆ ಉಪವಾಸ. ಇಲ್ಲಿ ಬರೆದಿರುವುದು ಸಿಹಿನೀರಿನ ಮೀನಿಗೆ ಮಾತ್ರ, ಅಂದರೆ ಗೋಲ್ಡ್ ಫಿಶ್, ಗಪ್ಪಿ, ಮಾಲಿ, ಫೈಟರ್, ಏಂಜೆಲ್, ಬಾರ್ಬ್, ಗೌರಾಮಿ ಈ ಥರದವಕ್ಕೆ. ಸಮುದ್ರದ ಮೀನು ಸಾಕಿದ್ದರೆ ಇದನ್ನು ಬಳಸಬೇಡಿ.

ಮೊದಲು ನೀರು

ಮೀನು ಕಾಯಿಲೆ ಬೀಳುವುದಕ್ಕೆ ಬಹುಪಾಲು ಕಾರಣ ನೀರು. ಮೀನಿನ ಕಸ, ತಿನ್ನದೆ ಉಳಿದ ತಿಂಡಿ ಎರಡೂ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ, ಕೆಳಗಿನ ಜಲ್ಲಿಯಲ್ಲಿ ಬೆಳೆದಿರುವ ಒಳ್ಳೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಆಮೇಲೆ ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಮೂರನೆಯದು ತುಂಬಾ ಸೇರಿಕೊಳ್ಳುವ ತನಕ ಪರವಾಗಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಶನಿವಾರ ಟ್ಯಾಂಕ್ ತಂದು, ಭಾನುವಾರ ಎಂಟು ಗೋಲ್ಡ್ ಫಿಶ್ ಬಿಟ್ಟು, ಮುಂದಿನ ವಾರ ಒಂದೊಂದಾಗಿ ಸಾಯುತ್ತಿವೆ ಅಂದರೆ ಅದಕ್ಕೆ ಯಾವ ಎಲೆ, ಯಾವ ಬೇರು ಹಾಕಿದರೂ ಪ್ರಯೋಜನವಿಲ್ಲ.

ಆದ್ದರಿಂದ ಮೀನು ಮಂಕಾದ ದಿನವೇ ಮಾಡಬೇಕಾದ ಕೆಲಸ: ಟ್ಯಾಂಕಿನ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ತೆಗೆದು, ಅಷ್ಟೇ ಬಿಸಿಯ ಹೊಸ ನೀರು ಹಾಕಿ. ತಿಂಡಿ ಒಂದು ದಿನ ನಿಲ್ಲಿಸಿ. ಏರ್ ಪಂಪ್ ಜೋರು ಮಾಡಿ. ಸಾಧ್ಯವಾದರೆ ಅಮೋನಿಯಾ, ನೈಟ್ರೈಟ್ ನೋಡುವ ಟೆಸ್ಟ್ ಕಿಟ್ ತಂದಿಟ್ಟುಕೊಳ್ಳಿ. ಹನಿ ಹಾಕಿ ಬಣ್ಣ ನೋಡುವ ಥರದ್ದು ಆದರೆ ಒಳ್ಳೆಯದು. ಎರಡೂ ಸೊನ್ನೆ ಇರಬೇಕು. ಸ್ವಲ್ಪ ಬಣ್ಣ ಕಂಡರೂ ಮರುದಿನ ಮತ್ತೆ ನೀರು ಬದಲಿಸಿ, ಅದರ ಮರುದಿನವೂ.

ಹೊಸ ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ ನೋಡಬೇಕು. ಬೆಂಗಳೂರಿನ ಕಾವೇರಿ ನೀರಿರಲಿ, ಬೇರೆ ಊರಿನ ನಗರಸಭೆ ನೀರಿರಲಿ, ಕ್ಲೋರಿನ್ ಇದ್ದೇ ಇರುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡಿ, ಒಳಗೆ ಏರ್ ಸ್ಟೋನ್ ಬಿಟ್ಟರೆ ಇನ್ನೂ ಬೇಗ ಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ. ಟ್ಯಾಂಕರ್ ನೀರಾದರೆ ಬ್ಲೀಚಿಂಗ್ ಪೌಡರ್ ಎಷ್ಟು ಬಿದ್ದಿದೆ ಅಂತ ಹೇಳುವುದೇ ಕಷ್ಟ, ಅದಕ್ಕೆ ಎರಡನ್ನೂ ಮಾಡಿ. ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ನಿಜ, ಆದರೆ ಗಡಸು ಜಾಸ್ತಿ, ಎಷ್ಟೋ ಕಡೆ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, ಕೂಡ ಜಾಸ್ತಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಇನ್ನು ಕುಡಿಯುವ ಆರ್‌ಓ ನೀರು ಶುದ್ಧ ಅಂತ ಅದನ್ನೇ ಪೂರ್ತಿ ತುಂಬಿಸುವವರಿದ್ದಾರೆ. ಬೇಡ. ಅದರಲ್ಲಿ ಖನಿಜವೇ ಇರುವುದಿಲ್ಲ, ಪಿಎಚ್ ನಿಲ್ಲುವುದಿಲ್ಲ.

ಮತ್ತೊಂದು ಮಾತು. ಕಾಯಿಲೆ ಬಂತು ಅಂತ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಜಲ್ಲಿ, ಫಿಲ್ಟರ್ ಎಲ್ಲ ನಲ್ಲಿ ಕೆಳಗೆ ಉಜ್ಜಿ ತೊಳೆಯಬೇಡಿ. ಇದ್ದ ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಹೋಗಿ, ಹೊಸ ಟ್ಯಾಂಕಿನ ಕಷ್ಟ ಮತ್ತೆ ಶುರುವಾಗುತ್ತದೆ. ಸ್ಪಾಂಜ್ ಕೊಳೆಯಾಗಿದ್ದರೆ ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿ, ವಾಪಸ್ ಹಾಕಿ.

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದೆ, ಕಿವಿರು ಕೆಂಪಗಾಗಿದೆ ಅಂದರೆ ಅದು ತುರ್ತು. ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯಾ ಏರಿದೆ. ಮದ್ದು ಯೋಚಿಸುತ್ತಾ ಕೂರದೆ ನೀರು ಬದಲಿಸಿ. ಫೈಟರ್ ಮತ್ತು ಗೌರಾಮಿ ಮಾತ್ರ ಇದಕ್ಕೆ ಹೊರತು. ಅವು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಸಹಜ, ಅದಕ್ಕೇ ಬೇರೆ ಅಂಗ ಇದೆ.

ಉಪ್ಪು: ಎಷ್ಟು, ಹೇಗೆ, ಯಾರಿಗೆ ಬೇಡ

ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲ ನೀರಿಗಿಂತ ಉಪ್ಪಿನ ಅಂಶ ಜಾಸ್ತಿ. ಹಾಗಾಗಿ ಕಿವಿರಿನಿಂದ, ಚರ್ಮದಿಂದ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಮೈಮೇಲೆ ಗಾಯವಾದರೆ, ಲೋಳೆ ಹೋದರೆ ಈ ಕೆಲಸ ಇನ್ನೂ ಜಾಸ್ತಿ. ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಆ ಹೊರೆ ಇಳಿಯುತ್ತದೆ. ಅದೇ ಉಪ್ಪು ಒಂದೇ ಕಣದ ಪರಾವಲಂಬಿಗಳನ್ನು ಕೊಲ್ಲುತ್ತದೆ. ನೈಟ್ರೈಟ್ ಏರಿದಾಗಲೂ ಉಪ್ಪಿನಲ್ಲಿರುವ ಕ್ಲೋರೈಡ್ ಆ ವಿಷ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಒಂದೇ ಪದಾರ್ಥಕ್ಕೆ ಇಷ್ಟು ಉಪಯೋಗ ಇರುವುದರಿಂದಲೇ ನಾನು ಬೇರೆಲ್ಲಕ್ಕಿಂತ ಮೊದಲು ಉಪ್ಪನ್ನು ಇಟ್ಟಿರುವುದು.

ಕಿರಾಣಿ ಅಂಗಡಿಯ ಕಲ್ಲುಪ್ಪು ಸಾಕು. ಅಕ್ವೇರಿಯಂ ಸಾಲ್ಟ್ ಅಂತ ಡಬ್ಬಿಯಲ್ಲಿ ಬರುವುದೂ ಹೆಚ್ಚುಕಮ್ಮಿ ಅದೇ, ಬೆಲೆ ಮಾತ್ರ ಬೇರೆ. ಅಯೋಡಿನ್ ಇರುವ ಉಪ್ಪಿಗೆ ಮೀನು ಸತ್ತೇಹೋಗುತ್ತದೆ ಅನ್ನುವುದು ಸ್ವಲ್ಪ ಅತಿಯಾಯಿತು. ಅದರಲ್ಲಿರುವ ಅಯೋಡಿನ್ ತೀರಾ ಕಡಿಮೆ. ಆದರೂ ಪುಡಿ ಉಪ್ಪು ಗಂಟು ಕಟ್ಟದಿರಲಿ ಅಂತ ಬೇರೆ ಏನೇನೋ ಸೇರಿಸಿರುತ್ತಾರೆ, ಅದಕ್ಕೆ ಕಲ್ಲುಪ್ಪೇ ವಾಸಿ.

ಮೊದಲು ನಿಮ್ಮ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಎರಡಡಿ ಟ್ಯಾಂಕ್ 60, 30, 30 ಸೆಂಟಿಮೀಟರ್. ಅಂದರೆ 54 ಲೀಟರ್. ಮೇಲೆ ಬಿಟ್ಟ ಜಾಗ, ಕೆಳಗಿನ ಜಲ್ಲಿ ಕಳೆದರೆ ಸುಮಾರು 45 ಲೀಟರ್ ಅಂತ ಇಟ್ಟುಕೊಳ್ಳಿ. ಉಪ್ಪನ್ನು ಚಮಚದಲ್ಲಿ ಅಳೆಯುವುದಕ್ಕಿಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು ಒಳ್ಳೆಯದು, ಕಲ್ಲುಪ್ಪಿನ ಹರಳು ದಪ್ಪ ಸಣ್ಣ ಇರುವುದರಿಂದ ಚಮಚದ ಲೆಕ್ಕ ನಂಬುವ ಹಾಗಿಲ್ಲ.

ಸಣ್ಣಪುಟ್ಟ ಗಾಯ, ಹರಿದ ರೆಕ್ಕೆ, ಹೊಸ ಮೀನಿನ ಸುಸ್ತು ಇಂಥದ್ದಕ್ಕೆ ಲೀಟರಿಗೆ 1 ಗ್ರಾಂ. ಬಿಳಿ ಚುಕ್ಕೆ ರೋಗಕ್ಕೆ ಲೀಟರಿಗೆ 2 ಗ್ರಾಂ, ಗೋಲ್ಡ್ ಫಿಶ್ ಮತ್ತು ಮಾಲಿಗಾದರೆ 3ರ ತನಕ ಹೋಗಬಹುದು. ಒಂದೇ ಸಲ ಸುರಿಯಬೇಡಿ. ಮೂರು ಪಾಲು ಮಾಡಿ, ಒಂದೊಂದು ಪಾಲನ್ನೂ ಟ್ಯಾಂಕಿನದೇ ನೀರಿನಲ್ಲಿ ಪೂರ್ತಿ ಕರಗಿಸಿ, 12 ಗಂಟೆಗೊಮ್ಮೆ ಹಾಕಿ. ಹರಳು ಹಾಗೇ ಮೀನಿನ ಮೇಲೆ ಬಿದ್ದರೆ ಚರ್ಮ ಸುಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ನೀರು ಆವಿಯಾಗಿ ಕಡಿಮೆಯಾದರೂ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಆವಿಯಾದ ಜಾಗಕ್ಕೆ ನೀರು ತುಂಬಿಸುವಾಗ ಉಪ್ಪು ಹಾಕಬಾರದು. ನೀರು ತೆಗೆದು ಬದಲಿಸಿದಾಗ ಮಾತ್ರ, ಬದಲಿಸಿದಷ್ಟು ನೀರಿಗೆ ಲೆಕ್ಕ ಹಾಕಿ ಹಾಕಬೇಕು. 45 ಲೀಟರಿನ ಟ್ಯಾಂಕಿನಲ್ಲಿ 90 ಗ್ರಾಂ ಉಪ್ಪಿದೆ, 11 ಲೀಟರ್ ಬದಲಿಸಿದಿರಿ ಅಂದರೆ ಹೊಸ ನೀರಿಗೆ 22 ಗ್ರಾಂ, ಅಷ್ಟೇ.

ಎಲ್ಲರಿಗೂ ಉಪ್ಪು ಆಗಿಬರುವುದಿಲ್ಲ. ಕೊರಿಡೋರಸ್, ಲೋಚ್ ಥರದ ಹುರುಪೆ ಇಲ್ಲದ ಅಥವಾ ಕಡಿಮೆ ಇರುವ ತಳದ ಮೀನುಗಳು ಕಷ್ಟಪಡುತ್ತವೆ. ಟೆಟ್ರಾಗಳಿಗೂ ಕಡಿಮೆ ಪ್ರಮಾಣವೇ ಸರಿ. ಸಿಗಡಿ, ಬಸವನಹುಳ ಇದ್ದರೆ ಬೇಡ. ನೀರಿನ ಗಿಡಗಳಲ್ಲಿ ಎಷ್ಟೋ ಕರಗಿ ಹೋಗುತ್ತವೆ. ಇಂಥ ಟ್ಯಾಂಕ್ ಇದ್ದರೆ ಕಾಯಿಲೆ ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲಿ ಉಪ್ಪು ಕೊಡಿ. 20 ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಏರ್ ಪಂಪ್, ಒಂದು ಸ್ಪಾಂಜ್ ಫಿಲ್ಟರ್ ಇದ್ದರೆ ಆಸ್ಪತ್ರೆ ರೆಡಿ. ಇನ್ನೊಂದು ವಿಷಯ, ರೋಗ ಇಲ್ಲದಿರುವಾಗಲೂ ಸುಮ್ನೆ ಟಾನಿಕ್ ಅಂತ ವರ್ಷವಿಡೀ ಉಪ್ಪು ಹಾಕಿಡುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ.

ಬಿಳಿ ಚುಕ್ಕೆ

ಎಲ್ಲರ ಮನೆಗೂ ಒಂದಲ್ಲ ಒಂದು ದಿನ ಬರುವ ರೋಗ ಇದು. ಇಕ್ ಅಂತಾರೆ, ವೈಟ್ ಸ್ಪಾಟ್ ಅಂತಾರೆ. ಮೈ, ಬಾಲ, ರೆಕ್ಕೆಯ ಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನು ಕಲ್ಲಿಗೆ, ಫಿಲ್ಟರಿಗೆ ಮೈ ಉಜ್ಜಿಕೊಳ್ಳುತ್ತದೆ, ರೆಕ್ಕೆ ಮುದುಡಿಕೊಂಡಿರುತ್ತದೆ, ಉಸಿರಾಟ ಜೋರಾಗಿರುತ್ತದೆ. ಗಂಡು ಗೋಲ್ಡ್ ಫಿಶ್ ಬೆದೆಗೆ ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಬರುತ್ತದೆ. ಅದು ರೋಗವಲ್ಲ. ಚುಕ್ಕೆ ಅಲ್ಲಷ್ಟೇ ಇದ್ದು, ಮೀನು ಚುರುಕಾಗಿ ಓಡಾಡಿಕೊಂಡಿದ್ದರೆ ಸುಮ್ಮನಿದ್ದುಬಿಡಿ.

ಇದಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಅನ್ನುವ ಒಂದು ಕಣದ ಪರಾವಲಂಬಿ. ಇದರ ಬದುಕು ಗೊತ್ತಾದರೆ ಚಿಕಿತ್ಸೆ ತಾನಾಗೇ ಅರ್ಥವಾಗುತ್ತದೆ. ಮೊದಲು ಅದು ಮೀನಿನ ಚರ್ಮದೊಳಗೆ ಕೂತು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಚರ್ಮದ ಒಳಗಿರುವುದರಿಂದ ಯಾವ ಮದ್ದೂ ಅದಕ್ಕೆ ತಟ್ಟುವುದಿಲ್ಲ. ಬಲಿತ ಮೇಲೆ ಉದುರಿ ಕೆಳಗೆ ಬಿದ್ದು, ಜಲ್ಲಿಗೋ ಗಿಡಕ್ಕೋ ಅಂಟಿಕೊಂಡು, ಸುತ್ತ ಒಂದು ಕೋಶ ಕಟ್ಟಿಕೊಂಡು ಒಳಗೆ ಒಡೆಯುತ್ತಾ ಹೋಗುತ್ತದೆ. ಒಂದರಿಂದ ನೂರಾರು ಮರಿ. ಆಗಲೂ ಮದ್ದು ತಟ್ಟುವುದಿಲ್ಲ. ಆ ಮರಿಗಳು ಹೊರಬಂದು ಈಜುತ್ತಾ ಮೀನನ್ನು ಹುಡುಕುವ ಒಂದೆರಡು ದಿನ ಇದೆಯಲ್ಲ, ಆಗ ಮಾತ್ರ ಉಪ್ಪಿಗೆ ಸಿಕ್ಕಿ ಸಾಯುತ್ತವೆ.

ಬಿಸಿ ಮಾಡುವುದು ಯಾಕೆ ಅಂದರೆ, ಈ ಚಕ್ರವನ್ನು ಓಡಿಸುವುದಕ್ಕೆ. ತಣ್ಣಗಿನ ನೀರಿನಲ್ಲಿ ಒಂದು ಸುತ್ತಿಗೆ ವಾರಗಳೇ ಹಿಡಿಯುತ್ತವೆ, 25 ಡಿಗ್ರಿ ದಾಟಿದರೆ ಕೆಲವೇ ದಿನ. 30ರ ಹತ್ತಿರ ಹೋದರೆ ಅದಕ್ಕೆ ಬೆಳೆಯುವುದೇ ಕಷ್ಟವಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ, ಹಗಲು ಮತ್ತೆ ಏರುತ್ತದೆ. ಈ ಏರಿಳಿತದಲ್ಲಿ ಮೀನು ಸೋಲುತ್ತದೆ, ಬಿಳಿ ಚುಕ್ಕೆ ಬರುತ್ತದೆ, ಮೇಲಿಂದ ನೀರು ತಣ್ಣಗಿರುವುದರಿಂದ ಹೋಗುವುದೂ ಇಲ್ಲ. ಮಲೆನಾಡು, ಕೊಡಗಿನಲ್ಲಿ ಮಳೆಗಾಲದಲ್ಲೇ ಶುರು. ಮಂಗಳೂರು, ಕಾರವಾರದ ಕಡೆ ಇರುವವರಿಗೆ ನೀರು ತಾನಾಗೇ ಬೆಚ್ಚಗಿರುತ್ತದೆ, ಅಲ್ಲಿ ಎಷ್ಟೋ ಸಲ ಹೀಟರೇ ಬೇಡ.

ಹೀಗೆ ಮಾಡಿ. ಹೀಟರ್ ಲೀಟರಿಗೆ ಸುಮಾರು 1 ವ್ಯಾಟ್ ಲೆಕ್ಕದಲ್ಲಿ ತನ್ನಿ, ಎರಡಡಿ ಟ್ಯಾಂಕಿಗೆ 50 ವ್ಯಾಟ್ ಸಾಕು. ಜೊತೆಗೆ ಒಂದು ಥರ್ಮಾಮೀಟರ್, ಹೀಟರಿನ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ. ಕೆಲವು ಗಂಟೆಗೆ ಒಂದು ಡಿಗ್ರಿಯಂತೆ ನಿಧಾನಕ್ಕೆ ಏರಿಸಿ, ಗಪ್ಪಿ, ಮಾಲಿ, ಏಂಜೆಲ್, ಫೈಟರ್ ಇದ್ದರೆ 29, 30ಕ್ಕೆ ನಿಲ್ಲಿಸಿ. ಗೋಲ್ಡ್ ಫಿಶ್ ತಂಪು ನೀರಿನ ಮೀನು, ಅದಕ್ಕೆ 27ರ ಆಸುಪಾಸು ಸಾಕು, ಉಳಿದ ಕೆಲಸ ಉಪ್ಪು ಮಾಡಲಿ. ಉಪ್ಪು ಮೇಲೆ ಹೇಳಿದ ಹಾಗೆ ಲೀಟರಿಗೆ 2 ಗ್ರಾಂ, ಮೂರು ಕಂತಿನಲ್ಲಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಹಾಗಾಗಿ ಏರ್ ಪಂಪ್ ಹಗಲು ರಾತ್ರಿ ಓಡಲೇಬೇಕು. ಕರೆಂಟ್ ಹೋದರೆ? ಬ್ಯಾಟರಿ ಪಂಪ್ ಇಲ್ಲದಿದ್ದರೆ ಮಗ್ಗಿನಲ್ಲಿ ಟ್ಯಾಂಕಿನದೇ ನೀರು ತೆಗೆದು, ಒಂದಡಿ ಮೇಲಿಂದ ವಾಪಸ್ ಸುರಿಯುತ್ತಾ ಇರಿ. ಎರಡು ದಿನಕ್ಕೊಮ್ಮೆ ಕೆಳಗಿನ ಜಲ್ಲಿಯ ಕಸ ಪೈಪಿನಿಂದ ಎಳೆದು ತೆಗೆಯಿರಿ, ಕೋಶ ಕಟ್ಟಿಕೊಂಡು ಕೂತವುಗಳಲ್ಲಿ ಒಂದಷ್ಟು ಅದರ ಜೊತೆ ಹೊರಗೆ ಹೋಗುತ್ತವೆ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕೀಳಿ. ಇದನ್ನು ಮರೆಯಬೇಡಿ, ನೀರಿಲ್ಲದೆ ಕಾದ ಹೀಟರ್ ಒಡೆಯುತ್ತದೆ, ಕೈ ಹಾಕಿದರೆ ಶಾಕ್ ಹೊಡೆಯುವ ಭಯವೂ ಇದೆ.

ನಾಲ್ಕೈದು ದಿನಕ್ಕೆ ಚುಕ್ಕೆ ಮಾಯವಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಹತ್ತು ದಿನದಲ್ಲಿ ಮತ್ತೆ ಬರುತ್ತದೆ, ಈ ಸಲ ಜಾಸ್ತಿ. ಚುಕ್ಕೆ ಹೋಗಿದೆ ಅಂದರೆ ಅದು ಉದುರಿ ಕೆಳಗೆ ಬಿದ್ದಿದೆ ಅಂತಷ್ಟೇ ಅರ್ಥ. ಒಟ್ಟು ಎರಡು ವಾರ ಮುಂದುವರಿಸಿ. ಆಮೇಲೆ ಬರೀ ನೀರಿನಿಂದ ಬದಲಿಸುತ್ತಾ ಉಪ್ಪು ಇಳಿಸಿ, ಬಿಸಿಯನ್ನೂ ನಿಧಾನಕ್ಕೆ ಇಳಿಸಿ. ಒಂದೇ ಮೀನಿಗೆ ಚುಕ್ಕೆ ಕಂಡರೂ ಇಡೀ ಟ್ಯಾಂಕಿಗೆ ಚಿಕಿತ್ಸೆ ಬೇಕು, ಅದನ್ನೊಂದನ್ನೇ ಬೇರೆ ಹಾಕಿದರೆ ಸಾಲದು. ಗಿಡ, ಸಿಗಡಿ ಇರುವ ಟ್ಯಾಂಕಾದರೆ ಎಲ್ಲ ಮೀನನ್ನೂ ಟಬ್ಬಿಗೆ ವರ್ಗಾಯಿಸಿ, ಟ್ಯಾಂಕನ್ನು ಎರಡು ವಾರ ಮೀನಿಲ್ಲದೆ ಬೆಚ್ಚಗೆ ಬಿಡಿ. ಹಿಡಿಯುವುದಕ್ಕೆ ಮೀನೇ ಸಿಗದೆ ಪರಾವಲಂಬಿ ಸಾಯುತ್ತದೆ.

ಚುಕ್ಕೆ ಬಿಳಿಯಲ್ಲ, ಇನ್ನೂ ಸಣ್ಣದಾಗಿ ಹೊಂಬಣ್ಣದ ಧೂಳಿನಂತಿದೆ, ಟಾರ್ಚ್ ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತದೆ ಅಂದರೆ ಅದು ವೆಲ್ವೆಟ್ ರೋಗ. ಗಪ್ಪಿ ಮತ್ತು ಫೈಟರಿನಲ್ಲಿ ಹೆಚ್ಚು. ಇದೇ ಉಪ್ಪು, ಇದೇ ಬಿಸಿ. ಜೊತೆಗೆ ಲೈಟ್ ಆರಿಸಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಏಕೆಂದರೆ ಈ ಪರಾವಲಂಬಿ ಗಿಡಗಳಂತೆ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ. ಇದು ಬೇಗ ಕೊಲ್ಲುವ ರೋಗ. ಎರಡು ಮೂರು ದಿನದಲ್ಲಿ ಹತೋಟಿಗೆ ಬರದಿದ್ದರೆ ಅಂಗಡಿಯ ಔಷಧಿಗೆ ಹೋಗುವುದೇ ಸರಿ.

ಕೊಳೆಯುವ ರೆಕ್ಕೆ ಮತ್ತು ಬಾದಾಮಿ ಎಲೆ

ರೆಕ್ಕೆಯ ಅಂಚು ಬಿಳಿಯಾಗಿಯೋ ಕಪ್ಪಾಗಿಯೋ ಆಗಿ, ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತಾ ಹೋದರೆ ಅದು ಫಿನ್ ರಾಟ್. ಬ್ಯಾಕ್ಟೀರಿಯಾದ ಕೆಲಸ, ಆದರೆ ಶುರುವಾಗುವುದು ಕೊಳಕು ನೀರಿನಿಂದ. ರೆಕ್ಕೆ ಒಂದೇ ದಿನದಲ್ಲಿ ನೀಟಾಗಿ ಹರಿದಿದ್ದರೆ, ಅಂಚು ಸ್ವಚ್ಛವಾಗಿದ್ದರೆ, ಯಾರೋ ಕಚ್ಚಿದ್ದಾರೆ ಅಂತ ಅರ್ಥ. ಟೈಗರ್ ಬಾರ್ಬ್ ಜೊತೆ ಏಂಜೆಲ್ಲೋ ಫೈಟರೋ ಇದೆಯಾ? ಹಾಗಿದ್ದರೆ ಮದ್ದು ಬೇಡ, ಬೇರೆ ಬೇರೆ ಮಾಡಿ.

ಫಿನ್ ರಾಟ್‌ಗೆ ಒಂದು ವಾರ ದಿನಾ ಕಾಲು ಭಾಗ ನೀರು ಬದಲಿಸಿ, ಲೀಟರಿಗೆ 1 ಗ್ರಾಂ ಉಪ್ಪು ಹಾಕಿ, ಬಾದಾಮಿ ಎಲೆ ಹಾಕಿ. ತಿನ್ನುವ ಬಾದಾಮಿಯ ಮರವಲ್ಲ. ಶಾಲೆ ಅಂಗಳದಲ್ಲಿ, ಪಾರ್ಕಿನಲ್ಲಿ ಇರುತ್ತದಲ್ಲ, ಮಕ್ಕಳು ಕಾಯಿ ಆರಿಸಿ ಕಲ್ಲಿನಲ್ಲಿ ಜಜ್ಜಿ ತಿರುಳು ತಿನ್ನುತ್ತಾರಲ್ಲ, ಆ ಕಾಡು ಬಾದಾಮಿ. ಮೀನಿನ ಅಂಗಡಿಯಲ್ಲಿ ಕೆಟಪ್ಪ ಲೀಫ್ ಅಂತ ಪ್ಯಾಕೆಟ್ ಮಾಡಿ ಮಾರುವುದು ಇದನ್ನೇ. ನಮ್ಮ ಬೀದಿಯಲ್ಲೇ ಗುಡ್ಡೆ ಗುಡ್ಡೆ ಉದುರಿರುತ್ತದೆ, ನಾವು ದುಡ್ಡು ಕೊಟ್ಟು ತರುತ್ತೇವೆ! ಥಾಯ್ಲೆಂಡಿನಲ್ಲಿ ಫೈಟರ್ ಮೀನು ಬೆಳೆಸುವವರು ತುಂಬಾ ಹಿಂದಿನಿಂದ ಇದನ್ನು ಬಳಸುತ್ತಾರೆ. ಎಲೆಯಿಂದ ಬಿಡುವ ಟ್ಯಾನಿನ್ ನೀರನ್ನು ಟೀ ಬಣ್ಣಕ್ಕೆ ತಿರುಗಿಸುತ್ತದೆ, ಪಿಎಚ್ ಸ್ವಲ್ಪ ಇಳಿಸುತ್ತದೆ, ಬ್ಯಾಕ್ಟೀರಿಯಾ ಮತ್ತು ಬೂಷ್ಟನ್ನು ಮೆತ್ತಗೆ ತಡೆಯುತ್ತದೆ. ಮೆತ್ತಗೆ ಅಂದೆ, ಗಮನಿಸಿ. ಇದು ಆಂಟಿಬಯೋಟಿಕ್ ಅಲ್ಲ. ಗಡಸು ಬೋರ್ ನೀರಿನಲ್ಲಿ ಪಿಎಚ್ ಇಳಿಯುವುದೂ ಅಷ್ಟಕ್ಕಷ್ಟೇ.

ಚಳಿಗಾಲದಲ್ಲಿ ಎಲೆ ಕೆಂಪಾಗಿ ತಾನಾಗೇ ಉದುರುತ್ತದೆ. ಅಂಥ ಕೆಂಪು, ಕಂದು ಎಲೆಯನ್ನೇ ಆರಿಸಿ, ಹಸಿರು ಎಲೆ ಕಿತ್ತು ಹಾಕಬೇಡಿ. ದೊಡ್ಡ ರಸ್ತೆ ಪಕ್ಕದ ಮರ ಬೇಡ, ಹೊಗೆ ಧೂಳು ಕೂತಿರುತ್ತದೆ. ಔಷಧಿ ಹೊಡೆಯುವ ತೋಟದ್ದೂ ಬೇಡ. ಸೋಪು ಹಾಕದೆ ತೊಳೆದು, ಗರಿಗರಿಯಾಗುವ ತನಕ ಒಣಗಿಸಿ, ಪೇಪರಿನಲ್ಲಿ ಸುತ್ತಿಟ್ಟರೆ ಒಂದು ವರ್ಷಕ್ಕಾಗುತ್ತದೆ. 30, 40 ಲೀಟರಿಗೆ ಒಂದು ದೊಡ್ಡ ಎಲೆ. ಎರಡು ದಿನ ತೇಲಿ ಆಮೇಲೆ ಮುಳುಗುತ್ತದೆ. ಎರಡು ಮೂರು ವಾರಕ್ಕೆ ಜಾಲರಿ ಥರ ಆದಾಗ ತೆಗೆದು ಹೊಸದು ಹಾಕಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಎಲೆ ಬಿಟ್ಟಿದ್ದನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಕೆಲವರು ಒಣಗಿದ ಬಾಳೆ ಎಲೆಯನ್ನೂ ಹೀಗೇ ಬಳಸುತ್ತಾರೆ. ಮನೆ ಹಿತ್ತಲಿನ ಬಾಳೆಯಾದರೆ ಅಡ್ಡಿಯಿಲ್ಲ.

ಹೊಸ ರೆಕ್ಕೆ ಬರುವಾಗ ಅಂಚು ಗಾಜಿನ ಹಾಗೆ ಬಣ್ಣವಿಲ್ಲದೆ ಇರುತ್ತದೆ. ರೋಗ ಹೆಚ್ಚಾಯಿತು ಅಂತ ಗಾಬರಿಯಾಗಬೇಡಿ, ಅದು ವಾಸಿಯಾಗುತ್ತಿರುವ ಗುರುತು.

ಮೈಮೇಲೆ ಹತ್ತಿ

ಗಾಯದ ಜಾಗದಲ್ಲಿ ಹತ್ತಿ ಅಂಟಿದಂತೆ ಬಿಳಿ ಎಳೆ ಬೆಳೆದರೆ ಸಾಮಾನ್ಯವಾಗಿ ಬೂಷ್ಟು. ಸತ್ತ ಚರ್ಮದ ಮೇಲೆ ಬರುತ್ತದೆ, ಫಲಿಸದ ಮೊಟ್ಟೆಗಳ ಮೇಲೂ ಬರುತ್ತದೆ. ಉಪ್ಪಿನ ಸ್ನಾನ ಇದಕ್ಕೆ ಒಳ್ಳೆಯದು. ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ತೆಗೆದುಕೊಂಡು ಲೀಟರಿಗೆ 10 ಗ್ರಾಂ ಉಪ್ಪು ಕರಗಿಸಿ, ಮೀನನ್ನು ಐದರಿಂದ ಹತ್ತು ನಿಮಿಷ ಅದರಲ್ಲಿ ಬಿಡಿ. ಪಕ್ಕದಿಂದ ಅಲ್ಲಾಡಬೇಡಿ, ಫೋನ್ ಬಂದರೂ ಎತ್ತಬೇಡಿ. ಮೀನು ಒಂದು ಪಕ್ಕಕ್ಕೆ ವಾಲಿದರೆ ಆ ಕ್ಷಣವೇ ವಾಪಸ್. ದಿನಕ್ಕೊಂದು ಸಲ, ಮೂರು ನಾಲ್ಕು ದಿನ. ತಳದ ಮೀನುಗಳಿಗೆ ಈ ಸ್ನಾನ ಬೇಡ.

ಆದರೆ ಬಿಳಿ ಪದರ ತುಟಿಯ ಸುತ್ತ ಇದ್ದರೆ, ಅಥವಾ ಬೆನ್ನಿನ ಮೇಲೆ ಜೀನು ಹಾಕಿದಂತೆ ಅಗಲ ಪಟ್ಟಿಯಾಗಿ ಮಾಸಿದ್ದರೆ, ಒಂದೆರಡು ದಿನದಲ್ಲೇ ಹರಡಿದರೆ ಅದು ಬೂಷ್ಟಲ್ಲ. ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಇಲ್ಲಿ ಬಿಸಿ ಮಾಡಿದರೆ ಕೆಟ್ಟಿತು. ಬೆಚ್ಚಗಿನ ನೀರಿನಲ್ಲಿ ಅದು ಇನ್ನೂ ಜೋರಾಗಿ ಬೆಳೆಯುತ್ತದೆ. ಬಿಳಿ ಕಂಡಿತು ಅಂತ ಕಣ್ಣು ಮುಚ್ಚಿ ಹೀಟರ್ ಹಾಕಬೇಡಿ ಅನ್ನುವುದು ಇದಕ್ಕೇ. ಇದಕ್ಕೆ ಮನೆಮದ್ದು ಸಾಲುವುದಿಲ್ಲ, ಆಂಟಿಬಯೋಟಿಕ್ ಬೇಕು, ಅದನ್ನು ಗೊತ್ತಿರುವವರನ್ನು ಕೇಳಿಯೇ ಕೊಡಬೇಕು.

ಹೊಟ್ಟೆ ಉಬ್ಬರ, ತಲೆಕೆಳಗಾಗಿ ತೇಲುವುದು

ಗುಂಡಗಿನ ಗೋಲ್ಡ್ ಫಿಶ್, ಅಂದರೆ ಒರಾಂಡಾ, ರ್ಯೂಕಿನ್ ಥರದವಕ್ಕೆ ಇದು ಮಾಮೂಲು. ಮೈ ಗುಂಡಗಾಗಲಿ ಅಂತಲೇ ತಳಿ ಮಾಡಿರುವುದು, ಒಳಗೆ ಕರುಳಿಗೂ ಗಾಳಿಚೀಲಕ್ಕೂ ಜಾಗ ಎಲ್ಲಿ? ಮೇಲೆ ತೇಲುವ ಒಣ ತಿಂಡಿಯನ್ನು ಗಾಳಿಯ ಸಮೇತ ನುಂಗುತ್ತದೆ, ಹೊಟ್ಟೆ ಕಟ್ಟುತ್ತದೆ, ಬ್ಯಾಲೆನ್ಸ್ ತಪ್ಪುತ್ತದೆ.

ಎರಡು ಮೂರು ದಿನ ಏನೂ ಹಾಕಬೇಡಿ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಪಾಪ ಹಸಿದಿದೆ ಅಂತ ಕದ್ದು ಹಾಕುತ್ತಾರೆ, ಅವರಿಗೂ ಹೇಳಿಡಿ. ದೊಡ್ಡ ಮೀನು ಒಂದು ವಾರ ಉಪವಾಸವಿದ್ದರೂ ಸಾಯುವುದಿಲ್ಲ. ಆಮೇಲೆ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಚೂರು ಮಾಡಿ ಕೊಡಿ. ಉಪ್ಪು ಒಗ್ಗರಣೆ ಏನೂ ಇಲ್ಲದ ಬಟಾಣಿ. ಫೈಟರ್ ಮಾಂಸ ತಿನ್ನುವ ಮೀನು, ಅದಕ್ಕೆ ಬಟಾಣಿಗಿಂತ ಡಾಫ್ನಿಯಾ ಅನ್ನುವ ಪುಟ್ಟ ನೀರುಚಿಗಟ ಒಳ್ಳೆಯದು. ಇಷ್ಟಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರಿನ ಎಪ್ಸಮ್ ಸಾಲ್ಟ್ 40 ಲೀಟರಿಗೆ ಒಂದು ಟೀ ಚಮಚ, ಕರಗಿಸಿ ಹಾಕಿ. ಇದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್, ಕರುಳು ಸಡಿಲ ಮಾಡುತ್ತದೆ. ಮುಂದೆ ಒಣ ತಿಂಡಿಯನ್ನು ಒಂದು ನಿಮಿಷ ನೀರಿನಲ್ಲಿ ನೆನೆಸಿ ಹಾಕುವ ರೂಢಿ ಮಾಡಿಕೊಳ್ಳಿ.

ಹೊಟ್ಟೆ ಊದಿರುವುದರ ಜೊತೆ ಹುರುಪೆಗಳೆಲ್ಲ ಹೊರಕ್ಕೆ ಎದ್ದು ನಿಂತಿದ್ದರೆ, ಮೇಲಿಂದ ನೋಡಿದಾಗ ಮೈ ಮುಳ್ಳುಮುಳ್ಳಾಗಿ ಕಂಡರೆ, ಅದು ಡ್ರಾಪ್ಸಿ. ಒಳಗೆ ಮೂತ್ರಪಿಂಡ ಕೈಕೊಟ್ಟಿದೆ ಅಂತ. ಎಪ್ಸಮ್ ಸಾಲ್ಟ್ ಹಾಕಿ ನೋಡಬಹುದು, ಆದರೆ ಬದುಕುವುದು ಅಪರೂಪ.

ಕಣ್ಣಿಗೆ ಕಾಣುವ ಹುಳ

ಕೊಳದಲ್ಲಿ ಬೆಳೆದ ಗೋಲ್ಡ್ ಫಿಶ್, ಕೋಯಿ ಜೊತೆ ಬರುತ್ತವೆ. ಚಪ್ಪಟೆ, ದುಂಡಗೆ, ಪಾರದರ್ಶಕವಾಗಿ ಮೈಮೇಲೆ ಹರಿದಾಡಿದರೆ ಮೀನಿನ ಹೇನು. ದಾರದ ತುಂಡು ಚರ್ಮದಿಂದ ಜೋತುಬಿದ್ದಂತೆ ಇದ್ದರೆ ಆಂಕರ್ ವರ್ಮ್. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಚಿಮಟದಿಂದ ತೆಗೆಯಿರಿ. ಆಂಕರ್ ವರ್ಮನ್ನು ಚರ್ಮಕ್ಕೆ ತಾಗಿದ ಬುಡದಲ್ಲೇ ಹಿಡಿದು ನಿಧಾನಕ್ಕೆ ಎಳೆಯಬೇಕು, ತಲೆ ಒಳಗೆ ಮುರಿದರೆ ಅಲ್ಲಿ ಹುಣ್ಣಾಗುತ್ತದೆ. ಆಮೇಲೆ ಗಾಯ ಆರುವ ತನಕ ಲೀಟರಿಗೆ 1 ಗ್ರಾಂ ಉಪ್ಪು. ಮೊಟ್ಟೆ ಟ್ಯಾಂಕಿನಲ್ಲೇ ಇರುವುದರಿಂದ ಕೆಲವು ವಾರ ದಿನಾ ಮೈ ಪರೀಕ್ಷೆ ಮಾಡುತ್ತಿರಿ.

ಬೆಳ್ಳುಳ್ಳಿ, ಅರಿಶಿನ, ಬೇವು

ಎಲ್ಲರೂ ಕೇಳುವುದು ಇವನ್ನೇ. ಬೆಳ್ಳುಳ್ಳಿ ತಿಂಡಿಯಲ್ಲಿ ಕೊಡಬಹುದು. ಒಂದು ಎಸಳು ಜಜ್ಜಿ, ಎರಡು ಚಮಚ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಸೋಸಿ, ಆ ನೀರಿನಲ್ಲಿ ತಿಂಡಿ ನೆನೆಸಿ. ವಾಸನೆಗೆ ಊಟ ಬಿಟ್ಟ ಮೀನು ಎಷ್ಟೋ ಸಲ ಬಾಯಿ ಹಾಕುತ್ತದೆ. ಅಷ್ಟೇ ಅದರ ಲಾಭ. ಬಿಳಿ ಚುಕ್ಕೆಯನ್ನು ಬೆಳ್ಳುಳ್ಳಿಯೊಂದರಿಂದಲೇ ವಾಸಿ ಮಾಡುತ್ತೇನೆ ಅಂತ ಹೊರಟರೆ ಸಮಯ ಹಾಳು. ಎಸಳನ್ನು ನೇರ ಟ್ಯಾಂಕಿಗೆ ಹಾಕಬೇಡಿ, ಕೊಳೆತು ನೀರು ಕೆಡುತ್ತದೆ.

ಅರಿಶಿನ ಕೊಳಗಳಲ್ಲಿ ಮೀನು ಸಾಕುವವರು ಹುಣ್ಣಿನ ರೋಗಕ್ಕೆ ಸುಣ್ಣದ ಜೊತೆ ಹಾಕುವುದುಂಟು. ಅದು ಎಕರೆಗಟ್ಟಲೆ ನೀರು, ಕೆಳಗೆ ಮಣ್ಣು. ನಿಮ್ಮ 45 ಲೀಟರ್ ಗಾಜಿನ ಪೆಟ್ಟಿಗೆಯ ಲೆಕ್ಕವೇ ಬೇರೆ. ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಪುಡಿ ಕಿವಿರಿನಲ್ಲಿ ಕೂರುತ್ತದೆ, ಉಳಿದದ್ದು ಜಲ್ಲಿಯೊಳಗೆ ಇಳಿಯುತ್ತದೆ. ಅಂಗಡಿ ಪುಡಿಯಲ್ಲಿ ಬಣ್ಣ ಕಲಬೆರಕೆ ಇದ್ದರಂತೂ ಮುಗಿಯಿತು. ನಾನು ಹಾಕುವುದಿಲ್ಲ.

ಬೇವು ಇನ್ನೂ ಅಪಾಯ. ಕೀಟ ಕೊಲ್ಲುವ ಶಕ್ತಿ ಇರುವುದರಿಂದಲೇ ಅದನ್ನು ಬೆಳೆಗೆ ಸಿಂಪಡಿಸುವುದು. ಒಂದು ಎಲೆಯಲ್ಲಿ ಸತ್ವ ಎಷ್ಟಿದೆ ಅಂತ ಮನೆಯಲ್ಲಿ ಅಳೆಯುವುದು ಆಗದ ಮಾತು, ಸ್ವಲ್ಪ ಜಾಸ್ತಿಯಾದರೆ ಮೀನಿಗೇ ವಿಷ, ಸಿಗಡಿಗೆ ಕೇಳುವುದೇ ಬೇಡ. ಬೇವಿನ ಎಣ್ಣೆಯಂತೂ ನೀರಿನ ಮೇಲೆ ಪದರ ಕಟ್ಟಿ ಗಾಳಿಯನ್ನೂ ತಡೆಯುತ್ತದೆ. ಗಿಡಮೂಲಿಕೆ ಅಂದಮೇಲೆ ತೊಂದರೆ ಏನು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಹಳ್ಳ ಹೊಳೆಯಲ್ಲಿ ಮಂಗಾರೆಕಾಯಿ, ಕಾಕಮಾರಿ ಬೀಜ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದರಲ್ಲ, ಅದೂ ಗಿಡಮೂಲಿಕೆಯೇ ಅಲ್ವಾ?

ಕೈಮೀರಿದಾಗ, ಮತ್ತು ಮುಂದೆ ಬರದಂತೆ

ನಾಲ್ಕೈದು ದಿನದಲ್ಲಿ ಏನೂ ಸುಧಾರಿಸದಿದ್ದರೆ, ದಿನಕ್ಕೊಂದು ಮೀನು ಸಾಯುತ್ತಿದ್ದರೆ, ಮೈಮೇಲೆ ಕೆಂಪು ಹುಣ್ಣು ತೆರೆದುಕೊಂಡಿದ್ದರೆ ಮನೆಮದ್ದು ನಿಲ್ಲಿಸಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರೂ ಮೀನು ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಆ ಕಡೆಯವರು ಅಲ್ಲಿ ವಿಚಾರಿಸಬಹುದು. ಬದುಕುವುದಿಲ್ಲ ಅಂತ ಖಚಿತವಾದ, ನರಳುತ್ತಿರುವ ಮೀನಿಗೆ ಲವಂಗದ ಎಣ್ಣೆ ಇದೆ. ಸಣ್ಣ ಬಾಟಲಿಯಲ್ಲಿ ನೀರಿನ ಜೊತೆ ಚೆನ್ನಾಗಿ ಕುಲುಕಿ, ಲೀಟರಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ ಬೇರೆ ಪಾತ್ರೆಗೆ ಹಾಕಿದರೆ ಮೀನು ಮೊದಲು ಮತ್ತಿಗೆ ಹೋಗಿ ಆಮೇಲೆ ನೋವಿಲ್ಲದೆ ಹೋಗುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಅದರಲ್ಲೇ ಬಿಡಿ. ಕೊಲ್ಲುವ ಮನಸ್ಸಾಗದೆ ಕೆರೆಗೆ ಬಿಟ್ಟು ಬರುವವರಿದ್ದಾರೆ, ದಯವಿಟ್ಟು ಬೇಡ. ನಮ್ಮ ಮನೆಯ ರೋಗ ಕೆರೆಯ ಮೀನಿಗೆ ಹೋಗುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಹೀಗೆ ಬಿಟ್ಟ ಸಕ್ಕರ್ ಮೀನು ತುಂಬಿಕೊಂಡು ತೊಂದರೆ ಆಗಿದೆ.

ರೋಗ ಮನೆಗೆ ಬರುವ ದಾರಿ ಹೆಚ್ಚಾಗಿ ಹೊಸ ಮೀನು. ನಮ್ಮ ಅಂಗಡಿಗಳಿಗೆ ಎಷ್ಟೋ ಮೀನು ಚೆನ್ನೈನ ಕೊಳತ್ತೂರು ಕಡೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ, ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿರುತ್ತದೆ. ಸುಸ್ತಾದ ಮೀನಿಗೆ ರೋಗ ಬೇಗ ಅಂಟುತ್ತದೆ. ಅಂಗಡಿಯ ಅದೇ ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಕಂಡರೂ ಅಲ್ಲಿಂದ ತರಬೇಡಿ. ತಂದದ್ದನ್ನು ಎರಡರಿಂದ ನಾಲ್ಕು ವಾರ ಅದೇ 20 ಲೀಟರಿನ ಟಬ್ಬಿನಲ್ಲಿ ಬೇರೆ ಇಟ್ಟು ನೋಡಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಆಸ್ಪತ್ರೆ ಟಬ್ಬಿಗೆ ಬೇರೆ ಬಲೆ, ಬೇರೆ ಮಗ್, ಬೇರೆ ಪೈಪ್ ಇರಲಿ. ಕೆಲಸ ಮುಗಿದ ಮೇಲೆ ಅವನ್ನೆಲ್ಲ ತೊಳೆದು ಎರಡು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬಿಳಿ ಚುಕ್ಕೆಯ ಪರಾವಲಂಬಿ ಒಣಗಿದ ಜಾಗದಲ್ಲಿ ಬದುಕುವುದಿಲ್ಲ.